ಎಷ್ಟು ಹಾಕಬೇಕು ಎಂಬುದೇ ಮೊದಲ ಪ್ರಶ್ನೆ

2025ರ ಅಕ್ಟೋಬರ್ 11, ಶನಿವಾರ. ನಮ್ಮಲ್ಲಿ ರಾತ್ರಿ ಎರಡು ಗಂಟೆ ದಾಟಿತ್ತು. ಅಮೆರಿಕದಲ್ಲಿ ಇನ್ನೂ ಶುಕ್ರವಾರದ ಸಂಜೆ. ಚೀನಾದ ಸರಕುಗಳ ಮೇಲೆ ಹೆಚ್ಚುವರಿಯಾಗಿ ಶೇ 100 ಸುಂಕ ಹೇರುವುದಾಗಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಘೋಷಿಸಿದರು. ಅಷ್ಟರಲ್ಲಿ ಅಲ್ಲಿನ ಷೇರುಪೇಟೆ ದಿನದ ವಹಿವಾಟು ಮುಗಿಸಿ ಬಾಗಿಲು ಹಾಕಿತ್ತು. ಕ್ರಿಪ್ಟೊ ಮಾರುಕಟ್ಟೆಗೆ ಬಾಗಿಲೇ ಇಲ್ಲ, ಹಾಗಾಗಿ ದಿಗಿಲೆಲ್ಲ ಅಲ್ಲಿಗೇ ನುಗ್ಗಿತು. ಆ ದಿನ 1.22 ಲಕ್ಷ ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ 1.05 ಲಕ್ಷ ಡಾಲರ್ ಹತ್ತಿರಕ್ಕೆ ಕುಸಿಯಿತು. ಸಣ್ಣಪುಟ್ಟ ನಾಣ್ಯಗಳಲ್ಲಿ ಹಲವು ನಿಮಿಷಗಳೊಳಗೆ ಅರ್ಧಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡವು. 24 ಗಂಟೆಗಳಲ್ಲಿ ಜಗತ್ತಿನಾದ್ಯಂತ 1,900 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತದ ಸಾಲದ ವಹಿವಾಟುಗಳನ್ನು ಎಕ್ಸ್‌ಚೇಂಜ್‌ಗಳ ಕಂಪ್ಯೂಟರ್‌ಗಳು ತಾವಾಗಿಯೇ ಮುಚ್ಚಿಹಾಕಿದವು. ಹೀಗೆ ಗಂಟು ಕಳೆದುಕೊಂಡ ಖಾತೆಗಳು 16 ಲಕ್ಷಕ್ಕೂ ಹೆಚ್ಚು.

ಆ ರಾತ್ರಿ ಬಿಟ್‌ಕಾಯಿನ್ ಇಟ್ಟುಕೊಂಡು ಮಲಗಿದ್ದ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರು ಸ್ವಂತ ಹಣದಲ್ಲಿ 20,000 ರೂಪಾಯಿಯ ಬಿಟ್‌ಕಾಯಿನ್ ಕೊಂಡಿದ್ದರು. ಇನ್ನೊಬ್ಬರು ಅದೇ 20,000 ರೂಪಾಯಿಯನ್ನು ಮಾರ್ಜಿನ್ ಆಗಿ ಇಟ್ಟು, ಹತ್ತು ಪಟ್ಟು ಲೀವರೇಜ್ ಪಡೆದು ಎರಡು ಲಕ್ಷದ ವಹಿವಾಟು ತೆರೆದಿದ್ದರು. ಬಿಟ್‌ಕಾಯಿನ್ ಮುಂದೆ ಏರುತ್ತದೆ ಎಂಬ ನಂಬಿಕೆ ಇಬ್ಬರದೂ ಒಂದೇ. ಕುಸಿತದ ತಳದಲ್ಲಿ ಮೊದಲನೆಯವರ ಹಣ ಶೇ 14ರಷ್ಟು ಕರಗಿತ್ತು. ಬೆಳಿಗ್ಗೆ ಎದ್ದು ನೋಡುವ ಹೊತ್ತಿಗೆ ಅದರಲ್ಲಿ ಒಂದು ಪಾಲು ಹಿಂದಿರುಗಿತ್ತು. ಎರಡನೆಯವರ ಖಾತೆಯಲ್ಲಿ ಹಿಂದಿರುಗಲು ಏನೂ ಉಳಿದಿರಲಿಲ್ಲ, ಬೆಲೆ ಶೇ 10ರ ಗೆರೆ ಮುಟ್ಟುವ ಮೊದಲೇ ಅವರ ವಹಿವಾಟು ಲಿಕ್ವಿಡೇಟ್ ಆಗಿತ್ತು, ಅಂದರೆ ಬಲವಂತವಾಗಿ ಮುಚ್ಚಿಹೋಗಿತ್ತು. ನಾಣ್ಯ ಒಂದೇ, ರಾತ್ರಿ ಒಂದೇ, ಅಂದಾಜೂ ಒಂದೇ. ಬೇರೆಯಾಗಿದ್ದುದು ಮೊತ್ತ.

ಕ್ರಿಪ್ಟೊ ಬಗ್ಗೆ ಮಾತು ಶುರುವಾದರೆ ಜನ ಮೊದಲು ಕೇಳುವುದು ಯಾವ ನಾಣ್ಯ ಕೊಳ್ಳಬೇಕು ಎಂದು. ಆಮೇಲೆ, ಯಾವಾಗ ಕೊಳ್ಳಬೇಕು ಎಂದು. ಈ ಎರಡಕ್ಕೂ ಖಚಿತ ಉತ್ತರ ಕೊಡಬಲ್ಲವರು ಯಾರೂ ಇಲ್ಲ. ಎಷ್ಟು ಹಾಕಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ನಿಜವಾಗಿ ನಮ್ಮ ಹಿಡಿತದಲ್ಲಿರುವುದು ಅದೊಂದೇ, ಅಪಾಯ ನಿರ್ವಹಣೆ ಎಂದು ಕರೆಯುವುದರ ಬಹುಪಾಲು ಇರುವುದೂ ಅದರಲ್ಲೇ.

ಏರಿಳಿತದ ಗಾತ್ರ ಕಣ್ಣಮುಂದೆ ಇರಬೇಕು. 2017ರ ಡಿಸೆಂಬರ್‌ನಲ್ಲಿ 20,000 ಡಾಲರ್ ಸಮೀಪಕ್ಕೆ ಹೋದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 3,200 ಡಾಲರ್ ಆಸುಪಾಸಿಗೆ ಬಿತ್ತು. 2021ರ ನವೆಂಬರ್‌ನಲ್ಲಿ 69,000 ಡಾಲರ್ ಮುಟ್ಟಿದ್ದು ಮುಂದಿನ ನವೆಂಬರ್‌ಗೆ 16,000 ಡಾಲರ್‌ಗಿಂತ ಕೆಳಗಿತ್ತು. ನೂರು ರೂಪಾಯಿ ಐವತ್ತಾದರೆ ಮತ್ತೆ ನೂರಾಗಲು ಶೇ 100 ಲಾಭ ಬೇಕು. ಇಪ್ಪತ್ತಕ್ಕೆ ಇಳಿದರೆ ಬೇಕಾದ ಲಾಭ ಶೇ 400. ಬಿಟ್‌ಕಾಯಿನ್ ಎರಡೂ ಸಲ ಮತ್ತೆ ಎದ್ದಿತು, ಮೊದಲ ಸಲ ಹಳೆಯ ಎತ್ತರ ಮುಟ್ಟಲು ಅದಕ್ಕೆ ಮೂರು ವರ್ಷ ಹಿಡಿಯಿತು. ಅದರೊಂದಿಗೆ ಬಿದ್ದ ನೂರಾರು ಸಣ್ಣ ನಾಣ್ಯಗಳು ಇವತ್ತಿಗೂ ಎದ್ದಿಲ್ಲ. ‘ಹೇಗಿದ್ದರೂ ಒಂದಿನ ಮೇಲೆ ಬರುತ್ತೆ’ ಎಂಬ ಸಮಾಧಾನಕ್ಕೆ ಈ ಪೇಟೆಯಲ್ಲಿ ಆಧಾರವಿಲ್ಲ.

ಹಾಗಾದರೆ ಮೊತ್ತವನ್ನು ಗೊತ್ತುಮಾಡುವುದು ಹೇಗೆ? ಮೊದಲು ಯಾವ ಹಣ ಎಂಬುದು ತೀರ್ಮಾನವಾಗಬೇಕು. ಮನೆಸಾಲದ ಕಂತು, ಮಕ್ಕಳ ಶುಲ್ಕ, ಆರು ತಿಂಗಳ ಮನೆಖರ್ಚು, ಆಸ್ಪತ್ರೆಗೆಂದು ತೆಗೆದಿಟ್ಟದ್ದು, ಇವು ಯಾವುವೂ ಇತ್ತ ಬರಬಾರದು. ಚಿನ್ನ ಅಡವಿಟ್ಟು ತಂದದ್ದು, ಕ್ರೆಡಿಟ್ ಕಾರ್ಡ್‌ನಿಂದ ಎತ್ತಿದ್ದು, ಸಾಲದ ಆ್ಯಪ್‌ಗಳಿಂದ ಬಂದದ್ದು ಖಂಡಿತ ಬರಬಾರದು. ಸಾಲದ ಬಡ್ಡಿಗೆ ತಾರೀಕು ಇರುತ್ತದೆ, ಬೆಲೆ ಏರುವುದಕ್ಕೆ ಇರುವುದಿಲ್ಲ. ಆ ತಾರೀಕು ಬಂದಾಗ ಬೆಲೆ ತಳದಲ್ಲಿದ್ದರೂ ಮಾರಲೇಬೇಕಾಗುತ್ತದೆ. ಒಳ್ಳೆಯ ನಾಣ್ಯ ಕೊಂಡೂ ಹಾಳಾದವರಲ್ಲಿ ಹೆಚ್ಚಿನವರ ಕಥೆ ಇದೇ.

ಹೀಗೆ ಎಲ್ಲ ಕಳೆದು, ಪೂರ್ತಿ ಹೋದರೂ ಮನೆ ನಡೆಯುತ್ತದೆ ಎನ್ನುವಂಥ ಎರಡು ಲಕ್ಷ ರೂಪಾಯಿ ಉಳಿಯಿತು ಎನ್ನೋಣ. ಅನುಭವಿ ಟ್ರೇಡರ್‌ಗಳು ಪಾಲಿಸುವ ಹಳೆಯ ನಿಯಮವೊಂದಿದೆ: ಒಂದು ವಹಿವಾಟು ಪೂರ್ತಿ ತಪ್ಪಾದರೂ ಹೋಗುವುದು ಒಟ್ಟು ಬಂಡವಾಳದ ಶೇ 1, ಹೆಚ್ಚೆಂದರೆ ಶೇ 2 ಇರಬೇಕು. ಎರಡು ಲಕ್ಷದ ಶೇ 1 ಎಂದರೆ 2,000 ರೂಪಾಯಿ. ಇದನ್ನು ಬಹಳ ಜನ 2,000 ರೂಪಾಯಿಯ ನಾಣ್ಯ ಕೊಳ್ಳಬೇಕು ಎಂದು ತಿಳಿಯುತ್ತಾರೆ. ನಿಯಮ ಹೇಳುವುದು ನಷ್ಟದ ಮಾತನ್ನು.

ಲೆಕ್ಕ ಹೀಗೆ ಸಾಗುತ್ತದೆ. ಬಿಟ್‌ಕಾಯಿನ್ ಕೊಳ್ಳುವ ಮುಂಚೆ ನಕ್ಷೆ ನೋಡಿ, ಇಲ್ಲಿಂದ ಶೇ 8ರಷ್ಟು ಕೆಳಗೆ ಹೋದರೆ ನನ್ನ ಅಂದಾಜು ತಪ್ಪಿತು ಎಂದು ಗೆರೆ ಹಾಕಿಕೊಂಡಿರಿ. ಅದೇ ಸ್ಟಾಪ್‌ಲಾಸ್. 2,000 ರೂಪಾಯಿ ಎಂಬುದು ಯಾವ ಮೊತ್ತದ ಶೇ 8? 25,000. ಅಂದರೆ ಈ ವಹಿವಾಟಿಗೆ ಹಾಕಬಹುದಾದದ್ದು 25,000 ರೂಪಾಯಿ. ಮರುದಿನ ಬೇರೊಂದು ಸಣ್ಣ ನಾಣ್ಯ ಕಣ್ಣಿಗೆ ಬಿತ್ತು. ಅದು ದಿನಕ್ಕೆ ಶೇ 15 ಮೇಲೆ ಕೆಳಗೆ ಆಡುವಂಥದ್ದು. ಅದಕ್ಕೂ ಶೇ 8ರಲ್ಲೇ ಗೆರೆ ಎಳೆದರೆ ಮಧ್ಯಾಹ್ನದೊಳಗೆ ಮಾಮೂಲಿ ಅಲುಗಾಟಕ್ಕೇ ಸ್ಟಾಪ್‌ಲಾಸ್ ತಗುಲಿ ಹೊರಬೀಳುತ್ತೀರಿ. ಗೆರೆ ಶೇ 25ರಷ್ಟು ದೂರ ಇರಬೇಕು. ಆಗ 2,000 ರೂಪಾಯಿ ಯಾವುದರ ಶೇ 25? 8,000 ರೂಪಾಯಿ. ನಾಣ್ಯ ಹೆಚ್ಚು ಕುಣಿದಷ್ಟೂ ಹಾಕುವ ಮೊತ್ತ ಚಿಕ್ಕದಾಗಬೇಕು. ಸಾಮಾನ್ಯವಾಗಿ ಜನ ಮಾಡುವುದು ಇದರ ತಿರುಗುಮುರುಗು. ಬಿಟ್‌ಕಾಯಿನ್ ನಿಧಾನ ಎಂದು ಅದಕ್ಕೆ ಸ್ವಲ್ಪ ಹಾಕಿ, ಹತ್ತು ಪಟ್ಟಾದೀತು ಎಂಬ ಆಸೆಗೆ ಗೊತ್ತಿಲ್ಲದ ನಾಣ್ಯಕ್ಕೆ ಹೆಚ್ಚು ಸುರಿಯುತ್ತಾರೆ.

ಶೇ 1 ಎಂಬುದು ಪುಕ್ಕಲುತನದಂತೆ ಕಾಣಬಹುದು. ಸತತ ಹತ್ತು ಸಲ ಅಂದಾಜು ತಪ್ಪಿತು ಎಂದುಕೊಳ್ಳಿ. ಇದು ಅಪರೂಪವೇನೂ ಅಲ್ಲ. ಪ್ರತಿ ಸಲ ಉಳಿದಿದ್ದರ ಶೇ 1 ಕಳೆದುಕೊಂಡವರ ಎರಡು ಲಕ್ಷದಲ್ಲಿ ಸುಮಾರು 1.81 ಲಕ್ಷ ಉಳಿದಿರುತ್ತದೆ. ಪ್ರತಿ ಸಲ ಶೇ 10 ಕಳೆದುಕೊಂಡವರ ಬಳಿ ಉಳಿಯುವುದು 70,000 ರೂಪಾಯಿಗೂ ಕಡಿಮೆ. ಮೊದಲನೆಯವರಿಗೆ ಇನ್ನೂ ಕಲಿಯಲು ಅವಕಾಶವಿದೆ.

ಇನ್ನು ಸ್ಟಾಪ್‌ಲಾಸ್ ಕೂಡ ಹೇಳಿದ ಬೆಲೆಗೇ ಕೆಲಸ ಮಾಡುತ್ತದೆ ಎಂಬ ಭರವಸೆ ಬೇಡ. ಮಾರ್ಕೆಟ್ ಆರ್ಡರ್ ರೂಪದ ಸ್ಟಾಪ್ ಆದರೆ ಮಾರಾಟ ಬಹುತೇಕ ಖಂಡಿತ ಆಗುತ್ತದೆ, ಆದರೆ ಕೊಳ್ಳುವವರು ವಿರಳವಾದ ಗಳಿಗೆಯಲ್ಲಿ ಅಂದುಕೊಂಡದ್ದಕ್ಕಿಂತ ಬಹಳ ಕೆಳಗಿನ ಬೆಲೆಗೆ. ಲಿಮಿಟ್ ಆರ್ಡರ್ ರೂಪದ್ದಾದರೆ ಬೆಲೆ ನಿಮ್ಮ ಗೆರೆಯನ್ನು ಹಾರಿ ಕೆಳಗಿಳಿದುಬಿಡಬಹುದು, ಆರ್ಡರ್ ಹಾಗೇ ನಿಂತಿರುತ್ತದೆ. ನಮ್ಮ ಷೇರುಪೇಟೆಯಲ್ಲಿ ಸೂಚ್ಯಂಕ ಶೇ 10, 15, 20 ಬಿದ್ದರೆ ವಹಿವಾಟು ನಿಲ್ಲಿಸುವ ತಡೆಗಳಿವೆ. ಇಲ್ಲಿ ಅಂಥ ತಡೆ ಇಲ್ಲ. ಹಾಗಾಗಿ ಲೆಕ್ಕದಲ್ಲಿ 2,000 ಎಂದುಕೊಂಡ ನಷ್ಟ ನಿಜದಲ್ಲಿ 3,000 ಆಗಬಹುದು ಎಂಬ ತಯಾರಿಯಲ್ಲೇ ಒಳಗೆ ಹೋಗಬೇಕು.

ಲೀವರೇಜ್ ಬಗ್ಗೆ ನನಗೆ ಮುಚ್ಚುಮರೆಯಿಲ್ಲದ ಅಭಿಪ್ರಾಯವಿದೆ: ಸಂಬಳದ ಹಣದಲ್ಲಿ ಟ್ರೇಡ್ ಮಾಡುವವರು ಅದನ್ನು ಮುಟ್ಟಲೇಬಾರದು. ಆ್ಯಪ್ ತೆರೆದರೆ ಫ್ಯೂಚರ್ಸ್ ಪುಟದಲ್ಲಿ ಒಂದು ಅಡ್ಡಗೆರೆ, ಅದರ ಮೇಲೊಂದು ಗುಂಡಿ. ಬೆರಳಿನಿಂದ ಬಲಕ್ಕೆ ಎಳೆದರೆ 5 ಪಟ್ಟು, 10 ಪಟ್ಟು, 25, 50. ಆ ಗುಂಡಿ ಸರಿದಷ್ಟೂ ಲಿಕ್ವಿಡೇಷನ್ ಬೆಲೆ ಈಗಿನ ಬೆಲೆಯ ಹತ್ತಿರ ಹತ್ತಿರ ಬರುತ್ತದೆ. 50 ಪಟ್ಟಿಗೆ ಎಳೆದರೆ ನೀವು ಮತ್ತು ಸೊನ್ನೆಯ ನಡುವೆ ಇರುವುದು ಶೇ 2ಕ್ಕಿಂತ ಕಡಿಮೆ ಅಂತರ. ಯಾವ ಸುದ್ದಿಯೂ ಇಲ್ಲದ ದಿನ ಬಿಟ್‌ಕಾಯಿನ್ ಅಷ್ಟು ಓಡಾಡುವುದು ಮಾಮೂಲು. ಲಿಕ್ವಿಡೇಷನ್ ಆದ ಮೇಲೆ ಬೆಲೆ ವಾಪಸ್ ಬಂದರೂ ನಿಮಗೆ ಅದರಿಂದ ಏನೂ ಸಿಗದು. ಇದರ ಜೊತೆಗೆ ಮುಕ್ತಾಯದ ತಾರೀಕಿಲ್ಲದ ಪರ್ಪೆಚುಯಲ್ ಫ್ಯೂಚರ್ಸ್‌ನಲ್ಲಿ, ಏರಿಕೆಗೆ ಕಟ್ಟಿದವರ ಮತ್ತು ಇಳಿಕೆಗೆ ಕಟ್ಟಿದವರ ನಡುವೆ ಫಂಡಿಂಗ್ ಶುಲ್ಕ ಸಾಮಾನ್ಯವಾಗಿ ಎಂಟು ಗಂಟೆಗೊಮ್ಮೆ ಕೈಬದಲಾಗುತ್ತದೆ. ಹೆಚ್ಚಿನವರು ಏರಿಕೆಯ ಮೇಲೆ ಹಣ ಕಟ್ಟಿದ್ದರೆ ಅದನ್ನು ತೆರಬೇಕಾದವರು ಅವರೇ.

ಜಾಣತನದಿಂದ ಎರಡೂ ಕಡೆ ಹಣ ಇಟ್ಟರೆ ಸುರಕ್ಷಿತ ಎನ್ನುವವರಿದ್ದಾರೆ. ಒಂದು ನಾಣ್ಯ ಏರುತ್ತದೆಂದು ಲಾಂಗ್, ಇನ್ನೊಂದು ಇಳಿಯುತ್ತದೆಂದು ಶಾರ್ಟ್. ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭ ತುಂಬಬೇಕು. ಆದರೆ ದೊಡ್ಡ ಕುಸಿತದಲ್ಲಿ ಸೋತವರ ಮಾರ್ಜಿನ್ ಸಾಲದಾಗ, ಗೆದ್ದವರ ವಹಿವಾಟುಗಳನ್ನೂ ಬಲವಂತವಾಗಿ ಮುಚ್ಚುವ ಅಧಿಕಾರ ಎಕ್ಸ್‌ಚೇಂಜ್‌ಗಳ ನಿಯಮಾವಳಿಯಲ್ಲೇ ಇರುತ್ತದೆ. ಆಟೊ ಡಿಲೀವರೇಜಿಂಗ್ ಎಂದು ಅದರ ಹೆಸರು. ಅಕ್ಟೋಬರ್‌ನ ಆ ಕುಸಿತದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆಯಿತು. ರಕ್ಷಣೆಗೆಂದು ಇಟ್ಟ ಶಾರ್ಟ್ ಮುಚ್ಚಿಹೋಗಿ, ಬೀಳುತ್ತಿರುವ ಲಾಂಗ್ ಮಾತ್ರ ಕೈಯಲ್ಲುಳಿದ ವೃತ್ತಿಪರರೂ ಇದ್ದರು. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲೇ 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಶೇ 93ರಷ್ಟು ಬಿಡಿ ಟ್ರೇಡರ್‌ಗಳು ನಷ್ಟ ಅನುಭವಿಸಿದ್ದಾರೆ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತನ್ನ ಅಧ್ಯಯನದಲ್ಲಿ ಹೇಳಿತ್ತು. ಅದು ಸೆಬಿಯ ಕಣ್ಗಾವಲಿರುವ ಪೇಟೆ. ಕ್ರಿಪ್ಟೊ ಫ್ಯೂಚರ್ಸ್ ಮೇಲೆ ಸೆಬಿಯ ಕಣ್ಣಿಲ್ಲ.

ಭಾರತದಲ್ಲಿ ಟ್ರೇಡ್ ಮಾಡುವವರಿಗೆ ಬೆಲೆಯಷ್ಟೇ ದೊಡ್ಡ ಇನ್ನೊಂದು ಅಪಾಯವಿದೆ. ವಿದೇಶಿ ಯೂಟ್ಯೂಬ್ ಚಾನೆಲ್‌ಗಳನ್ನು ನೋಡಿ ಕಲಿತವರಿಗೆ ಅದು ಗೊತ್ತಾಗುವುದು ರಿಟರ್ನ್ಸ್ ಸಲ್ಲಿಸುವ ಜುಲೈ ತಿಂಗಳಲ್ಲಿ. 2022ರ ಬಜೆಟ್ ಕ್ರಿಪ್ಟೊವನ್ನು ವರ್ಚುವಲ್ ಡಿಜಿಟಲ್ ಆಸ್ತಿ ಎಂದು ಕರೆದು ಆ ವರ್ಷದ ಏಪ್ರಿಲ್ 1ರಿಂದ ಅದರ ಲಾಭಕ್ಕೆ ಶೇ 30 ತೆರಿಗೆ ಹಾಕಿತು. ಶೇ 4ರ ಸೆಸ್ ಸೇರಿದರೆ ಶೇ 31.2. ಕೊಂಡ ಬೆಲೆ ಬಿಟ್ಟು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ.

ಇದರ ಅರ್ಥ ಅಂಕಿಗಳಲ್ಲಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ವರ್ಷದಲ್ಲಿ ಇಪ್ಪತ್ತು ವಹಿವಾಟು ಮಾಡಿದಿರಿ. ಹತ್ತರಲ್ಲಿ ತಲಾ 6,000 ರೂಪಾಯಿ ಲಾಭ, ಹತ್ತರಲ್ಲಿ ತಲಾ 5,000 ರೂಪಾಯಿ ನಷ್ಟ. ಲಾಭ 60,000, ನಷ್ಟ 50,000, ಕೈಗೆ ಬಂದದ್ದು 10,000. ಟ್ರೇಡರ್ ಆಗಿ ನೀವು ಗೆದ್ದಿರಿ. ತೆರಿಗೆ ಮಾತ್ರ ಪೂರ್ತಿ 60,000ದ ಮೇಲೆ ಬೀಳುತ್ತದೆ: 18,720 ರೂಪಾಯಿ. ವರ್ಷದ ಕೊನೆಗೆ ಜೇಬಿನಿಂದ 8,720 ರೂಪಾಯಿ ಹೋಯಿತು. ಇದೇ ಲೆಕ್ಕವನ್ನು ಹಿಂದಿನಿಂದ ಮಾಡಿದರೆ ಇನ್ನೊಂದು ಸತ್ಯ ಸಿಗುತ್ತದೆ. ಅರ್ಧಕ್ಕರ್ಧ ಸಲ ಗೆಲ್ಲುವ ಟ್ರೇಡರ್‌ಗೆ ಸಮಬಲ ಸಾಧಿಸಲು ಪ್ರತಿ ಗೆಲುವು ಪ್ರತಿ ಸೋಲಿನಷ್ಟೇ ಇದ್ದರೆ ಸಾಲದು, ಅದರ ಸುಮಾರು 1.45 ಪಟ್ಟು ಇರಬೇಕು. ಶುಲ್ಕಗಳು ಅದರ ಮೇಲೆ.

ಇನ್ನೊಂದು ಹೊಡೆತ ಟಿಡಿಎಸ್. 2022ರ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇ 1ನ್ನು ಎಕ್ಸ್‌ಚೇಂಜ್ ಹಿಡಿದುಕೊಳ್ಳುತ್ತದೆ. ಲಾಭವಾಗಲಿ ನಷ್ಟವಾಗಲಿ, ಮಾರಿದ ಪೂರ್ತಿ ಮೊತ್ತದ ಮೇಲೆ. ಬೆಲೆ ಒಂಚೂರೂ ಅಲುಗಾಡದೆ ಒಂದು ಲಕ್ಷ ರೂಪಾಯಿಯನ್ನು ಹತ್ತು ಸಲ ಕೊಂಡು ಮಾರಿದರೆ ಆಡಿಸಲು ಉಳಿಯುವುದು 90,438 ರೂಪಾಯಿ. ಐವತ್ತು ಸಲವಾದರೆ ಸುಮಾರು 60,500. ಈ ಹಣ ಮುಳುಗುವುದಿಲ್ಲ, ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಾದದ್ದು ರಿಟರ್ನ್ಸ್ ಸಲ್ಲಿಸಿದ ಮೇಲೆ ವಾಪಸ್ ಬರುತ್ತದೆ. ಅಲ್ಲಿಯವರೆಗೆ ಅದು ನಿಮ್ಮ ಕೈಯಲ್ಲಿರುವುದಿಲ್ಲ. ದಿನಕ್ಕೆ ನಾಲ್ಕು ಸಲ ಕೊಂಡು ಮಾರುವ ಶೈಲಿ ನಮ್ಮ ಕಾನೂನಿನ ಕೆಳಗೆ ನಡೆಯುವ ವ್ಯವಹಾರವೇ ಅಲ್ಲ ಎಂಬುದಕ್ಕೆ ಇಷ್ಟು ಸಾಕು.

ಈ ತೆರಿಗೆ ತಂದ ಅಡ್ಡಪರಿಣಾಮ ನನ್ನನ್ನು ಹೆಚ್ಚು ಕಳವಳಕ್ಕೆ ದೂಡುತ್ತದೆ. ಫ್ಯೂಚರ್ಸ್‌ನಲ್ಲಿ ನಾಣ್ಯ ನಿಜವಾಗಿ ಕೈಬದಲಾಗುವುದಿಲ್ಲ, ಹಾಗಾಗಿ ಶೇ 1 ಟಿಡಿಎಸ್ ಇಲ್ಲ ಎಂದು ವೇದಿಕೆಗಳು ಪ್ರಚಾರ ಮಾಡುತ್ತವೆ. ಟಿಡಿಎಸ್ ಕಾಟ ತಪ್ಪಿಸಿಕೊಳ್ಳಲು ಯುವಕರು ಸ್ವಂತ ಹಣದ ಖರೀದಿ ಬಿಟ್ಟು ಹತ್ತು ಪಟ್ಟಿನ ಫ್ಯೂಚರ್ಸ್‌ಗೆ ಹಾರುತ್ತಾರೆ. ವಹಿವಾಟುಗಳ ಜಾಡು ಹಿಡಿಯಲು ತಂದ ಕ್ರಮ ಜನರನ್ನು ಇನ್ನೂ ಕೆಟ್ಟ ಕಡೆ ತಳ್ಳುತ್ತಿದೆ. ಶೇ 1ರ ಟಿಡಿಎಸ್ ಇಳಿಸಬೇಕು, ನಷ್ಟವನ್ನು ಲಾಭದಲ್ಲಿ ಕಳೆಯಲು ಬಿಡಬೇಕು ಎಂಬ ಬೇಡಿಕೆ ಪ್ರತಿ ಬಜೆಟ್ ಮುಂಚೆ ಕೇಳಿಬರುತ್ತದೆ. ಅದು ನ್ಯಾಯವಾದ ಬೇಡಿಕೆ ಎಂದೇ ನಾನು ನಂಬಿದ್ದೇನೆ.

‘ಅಣ್ಣಾ, ಅರ್ಧ ರೇಟಿಗೆ ಬಂದಿದೆ. ಇನ್ನೊಂದಿಷ್ಟು ತಗೊಂಡು ಆವರೇಜ್ ಮಾಡ್ಲಾ?’ ನೆಂಟರ ಹುಡುಗನೊಬ್ಬ ಹೀಗೆ ಕೇಳಿದಾಗ, ‘ಮೊದಲು ಎಷ್ಟಕ್ಕೆ ಬಿಟ್ಟುಬಿಡ್ಬೇಕು ಅಂತ ಬರೆದಿಟ್ಟಿದ್ಯೇನಪ್ಪಾ?’ ಎಂದೆ. ಬರೆದಿಟ್ಟಿರಲಿಲ್ಲ. ಅವನಿಗೆ ಲೂನಾದ ಕಥೆಯನ್ನು ಪೂರ್ತಿ ಹೇಳಿದೆ. ಈ ಪೇಟೆಗೆ ಬರುವ ಪ್ರತಿಯೊಬ್ಬರೂ ಅದನ್ನು ಒಮ್ಮೆ ಕೂತು ಓದಬೇಕು.

ದಕ್ಷಿಣ ಕೊರಿಯಾದ ಡೊ ಕ್ವಾನ್ ಎಂಬಾತನ ಕಂಪನಿ ಟೆರಾ ಎಂಬ ಜಾಲವನ್ನು ಕಟ್ಟಿತ್ತು. ಅದರಲ್ಲಿ ಎರಡು ನಾಣ್ಯಗಳು. ಯುಎಸ್‌ಟಿ ಯಾವಾಗಲೂ ಒಂದು ಡಾಲರ್ ಬೆಲೆಬಾಳಬೇಕು. ಲೂನಾ ಪೇಟೆಯ ಬೆಲೆಗೆ ಏರಿಳಿಯುತ್ತದೆ. ಯುಎಸ್‌ಟಿ ಹಿಂದೆ ಬ್ಯಾಂಕಿನಲ್ಲಿಟ್ಟ ಡಾಲರ್ ಇರಲಿಲ್ಲ. ಒಂದು ಯುಎಸ್‌ಟಿ ಕೊಟ್ಟರೆ ಒಂದು ಡಾಲರ್ ಬೆಲೆಯ ಲೂನಾ ಹೊಸದಾಗಿ ಸೃಷ್ಟಿಸಿ ಕೊಡುತ್ತೇವೆ ಎಂಬ ನಿಯಮವಷ್ಟೇ ಇತ್ತು. ಯುಎಸ್‌ಟಿಯನ್ನು ಆ್ಯಂಕರ್ ಎಂಬ ಯೋಜನೆಯಲ್ಲಿ ಇಟ್ಟರೆ ವರ್ಷಕ್ಕೆ ಹತ್ತಿರಹತ್ತಿರ ಶೇ 20 ಬಡ್ಡಿ. 2022ರ ಏಪ್ರಿಲ್ ಆರಂಭದಲ್ಲಿ ಲೂನಾ 119 ಡಾಲರ್ ಮುಟ್ಟಿತು. ಯುಎಸ್‌ಟಿ ಚಲಾವಣೆ ಸುಮಾರು 1,800 ಕೋಟಿ ಡಾಲರ್‌ಗೆ ಬೆಳೆಯಿತು.

ಮೇ 7ರಂದು ಯುಎಸ್‌ಟಿ ಒಂದು ಡಾಲರ್‌ನಿಂದ ಕೊಂಚ ಜಾರಿತು. ಹೆದರಿದವರು ಅದನ್ನು ಲೂನಾಗೆ ಬದಲಿಸಿ ಮಾರತೊಡಗಿದರು. ಮಾರಿದಷ್ಟೂ ಲೂನಾ ಬೆಲೆ ಇಳಿಯಿತು. ಬೆಲೆ ಇಳಿದ ಕಾರಣ ಮುಂದಿನ ಒಂದು ಡಾಲರ್ ತೀರಿಸಲು ಇನ್ನೂ ಹೆಚ್ಚು ಲೂನಾ ಸೃಷ್ಟಿಸಬೇಕಾಯಿತು. ಲೂನಾ ಹೆಚ್ಚಾದಂತೆ ಬೆಲೆ ಮತ್ತೂ ಇಳಿಯಿತು. ಕೆಲವೇ ದಿನಗಳಲ್ಲಿ ಸುಮಾರು 35 ಕೋಟಿ ಇದ್ದ ಲೂನಾಗಳ ಸಂಖ್ಯೆ ಆರೂವರೆ ಲಕ್ಷ ಕೋಟಿಗೆ ಏರಿತು. ಆಪತ್ಕಾಲಕ್ಕೆಂದು ಕೂಡಿಟ್ಟಿದ್ದ ಸುಮಾರು 80,000 ಬಿಟ್‌ಕಾಯಿನ್‌ಗಳೂ ಅದನ್ನು ತಡೆಯಲಿಲ್ಲ. ಮೇ ಮೊದಲ ವಾರ 80 ಡಾಲರ್ ಇದ್ದದ್ದು ಮೇ 13ಕ್ಕೆ ಒಂದು ಸೆಂಟಿನ ಸಣ್ಣ ಚೂರು. ಎರಡೂ ನಾಣ್ಯಗಳಿಂದ ಒಟ್ಟು ಸುಮಾರು 4,000 ಕೋಟಿ ಡಾಲರ್ ಆವಿಯಾಯಿತು. ಡೊ ಕ್ವಾನ್ 2025ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ.

ಈಗ ಆವರೇಜ್ ಮಾಡಿದವರ ಲೆಕ್ಕ. 80 ಡಾಲರ್ ಬೆಲೆಯಲ್ಲಿ 100 ಡಾಲರ್ ಹಾಕಿದರು. 40ಕ್ಕೆ ಬಂದಾಗ ಮತ್ತೆ 100, 20ಕ್ಕೆ 100, 10ಕ್ಕೆ ಇನ್ನೊಂದು 100. ಕೈಯಲ್ಲಿ 18.75 ಲೂನಾ, ಸರಾಸರಿ ಬೆಲೆ 80ರಿಂದ 21 ಡಾಲರ್‌ಗೆ ಇಳಿದಿದೆ. ಪರದೆಯ ಮೇಲೆ ಇದು ಸುಧಾರಣೆಯಂತೆ ಕಾಣುತ್ತದೆ, 21ಕ್ಕೆ ಬಂದರೆ ಸಾಕು ಅಸಲು ಬರುತ್ತದೆ. ವಾಸ್ತವದಲ್ಲಿ 100 ಡಾಲರ್ ಕಳೆದುಕೊಳ್ಳಬೇಕಿದ್ದವರು 400 ಡಾಲರ್ ಕಳೆದುಕೊಂಡರು. ಲೂನಾ ಡಾಲರ್‌ನ ಸಾವಿರದ ಒಂದು ಭಾಗಕ್ಕೆ ಬಂದಾಗ ಅವರ 400 ಡಾಲರ್‌ನ ಬೆಲೆ ಎರಡು ಸೆಂಟೂ ಇರಲಿಲ್ಲ. ಶೇ 90 ಬಿದ್ದ ನಾಣ್ಯ ಇನ್ನೇನು ಬಿದ್ದೀತು ಎಂದು ಭಾವಿಸುವವರು ಒಂದು ಲೆಕ್ಕ ನೆನಪಿಡಬೇಕು: ಶೇ 99 ಬಿದ್ದ ನಾಣ್ಯವೆಂದರೆ ಶೇ 90 ಬಿದ್ದು, ಅಲ್ಲಿಂದ ಮತ್ತೆ ಶೇ 90 ಬಿದ್ದದ್ದು.

ತಿಂಗಳಿಗಿಷ್ಟು ಎಂದು ಮೊದಲೇ ನಿರ್ಧರಿಸಿ, ಬೆಲೆ ಏನೇ ಇರಲಿ ಬಿಟ್‌ಕಾಯಿನ್ ಕೊಳ್ಳುತ್ತಾ ಹೋಗುವುದು ಬೇರೆ. ಅಲ್ಲಿ ಮೊತ್ತದ ಮಿತಿ ಮೊದಲೇ ಗೊತ್ತು. ನಷ್ಟ ಕಂಡ ಮೇಲೆ ಅದನ್ನು ಮುಚ್ಚಲು ಹಣ ಸೇರಿಸುವುದಕ್ಕೆ ಮಿತಿಯೇ ಇರುವುದಿಲ್ಲ. ಐದಾರು ಬೇರೆ ಬೇರೆ ನಾಣ್ಯ ಕೊಂಡು ಅಪಾಯ ಹಂಚಿದ್ದೇನೆ ಎಂಬುದೂ ಅಷ್ಟೇ ಪೊಳ್ಳು. ಬಿಟ್‌ಕಾಯಿನ್ ಶೇ 10 ಬಿದ್ದ ದಿನ ಉಳಿದ ನಾಣ್ಯಗಳು ಅದೇ ದಿಕ್ಕಿಗೆ, ಅದಕ್ಕಿಂತ ಜೋರಾಗಿ ಬೀಳುತ್ತವೆ. ಐದು ನಾಣ್ಯಗಳಲ್ಲಿ ತಲಾ ಶೇ 1 ಅಪಾಯ ಇಟ್ಟವರು ಒಂದೇ ವಹಿವಾಟಿನಲ್ಲಿ ಶೇ 5 ಅಪಾಯ ಇಟ್ಟಿದ್ದಾರೆ ಎಂದೇ ಲೆಕ್ಕ ಹಾಕಬೇಕು.

ಬೆಲೆಗೆ ಏನೂ ಆಗದೆಯೂ ಹಣ ಸಿಕ್ಕಿಬೀಳುತ್ತದೆ. ಷೇರು ಕೊಂಡರೆ ಅದು ಡಿಪಾಸಿಟರಿಯಲ್ಲಿ ನಿಮ್ಮ ಹೆಸರಿನ ಡಿಮ್ಯಾಟ್ ಖಾತೆಯಲ್ಲಿರುತ್ತದೆ. ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆಯಿದೆ. ಎಕ್ಸ್‌ಚೇಂಜ್‌ನ ಆ್ಯಪ್‌ನಲ್ಲಿ ಕಾಣುವ ನಿಮ್ಮ ಬಿಟ್‌ಕಾಯಿನ್ ಸಾಮಾನ್ಯವಾಗಿ ಎಕ್ಸ್‌ಚೇಂಜ್‌ನದೇ ವ್ಯಾಲೆಟ್‌ನಲ್ಲಿ ಎಲ್ಲರ ನಾಣ್ಯಗಳೊಂದಿಗೆ ಬೆರೆತಿರುತ್ತದೆ. ಎಕ್ಸ್‌ಚೇಂಜ್‌ಗಳಾದ ಜಪಾನಿನ ಮೌಂಟ್ ಗಾಕ್ಸ್ 2014ರಲ್ಲಿ, ಎಫ್‌ಟಿಎಕ್ಸ್ 2022ರ ನವೆಂಬರ್‌ನಲ್ಲಿ ದಿವಾಳಿ ಎದ್ದಾಗ ಜಗತ್ತಿನ ಲಕ್ಷಾಂತರ ಜನರಿಗೆ ಇದು ಅರಿವಾಯಿತು. ನಮಗೆ ತಟ್ಟಿದ್ದು 2024ರ ಜುಲೈ 18ರಂದು. ಭಾರತದ ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ ಒಂದಾಗಿದ್ದ ವಜೀರ್‌ಎಕ್ಸ್‌ನ ಒಂದು ವ್ಯಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್, ರೂಪಾಯಿಯಲ್ಲಿ ಎರಡು ಸಾವಿರ ಕೋಟಿ ಸಮೀಪದ ನಾಣ್ಯಗಳು ಕಳವಾದವು. ಕದ್ದದ್ದು ಒಂದು ವ್ಯಾಲೆಟ್‌ನಲ್ಲಿದ್ದ ಎಥೀರಿಯಂ ಜಾಲದ ನಾಣ್ಯಗಳನ್ನು. ಸ್ತಂಭನಗೊಂಡದ್ದು ಎಲ್ಲ ಗ್ರಾಹಕರ ಖಾತೆಗಳು. ಕಳವಿಗೆ ಸಂಬಂಧವೇ ಇಲ್ಲದ ನಾಣ್ಯ ಇಟ್ಟಿದ್ದವರೂ ಒಂದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಹೊರತೆಗೆಯಲಾಗಲಿಲ್ಲ. ಆ ನಡುವೆ ಬಿಟ್‌ಕಾಯಿನ್ ಮೊದಲ ಬಾರಿ ಲಕ್ಷ ಡಾಲರ್ ದಾಟಿತು. ಅಂಥ ಗ್ರಾಹಕರೊಬ್ಬರ ಅರ್ಜಿಯ ಮೇಲೆ ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ, ಕ್ರಿಪ್ಟೊ ಕೂಡ ಕಾನೂನಿನ ದೃಷ್ಟಿಯಲ್ಲಿ ಆಸ್ತಿಯೇ ಎಂದು ಹೇಳಿತು. ಬಳಕೆದಾರರಿಗೆ ಅದು ಮುಖ್ಯವಾದ ಮಾತು.

ವಜೀರ್‌ಎಕ್ಸ್ ಕಳವಾದ ಒಂದು ವರ್ಷಕ್ಕೆ, 2025ರ ಜುಲೈ 19ರಂದು, ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜ್‌ನ ಆಂತರಿಕ ಖಾತೆಯೊಂದರಿಂದ 4.4 ಕೋಟಿ ಡಾಲರ್ ಹೋಯಿತು. ಗ್ರಾಹಕರ ಹಣಕ್ಕೆ ಕೈತಗುಲಿಲ್ಲ, ನಷ್ಟವನ್ನು ತಾನೇ ಭರಿಸುವುದಾಗಿ ಕಂಪನಿ ಹೇಳಿತು. ತನಿಖೆ ಬಂದು ನಿಂತದ್ದು ಬೆಂಗಳೂರಿನಲ್ಲಿ. ಅರೆಕಾಲಿಕ ಕೆಲಸದ ನೆಪದಲ್ಲಿ ನೌಕರರೊಬ್ಬರ ಲ್ಯಾಪ್‌ಟಾಪ್‌ಗೆ ಕುತಂತ್ರಾಂಶ ಸೇರಿಸಿ ಒಳನುಗ್ಗಿದ್ದಾರೆ ಎಂಬುದು ಪೊಲೀಸರು ಕಂಡುಕೊಂಡದ್ದು. ಎಷ್ಟು ದೊಡ್ಡ ಸಂಸ್ಥೆಯಾದರೂ ಬಾಗಿಲು ಒಬ್ಬರ ಮೇಜಿನ ಮೇಲಿನ ಯಂತ್ರದಷ್ಟೇ ಗಟ್ಟಿ.

ಆದ್ದರಿಂದ ಟ್ರೇಡ್ ಮಾಡಲು ಬೇಕಾದಷ್ಟನ್ನೇ ಎಕ್ಸ್‌ಚೇಂಜ್‌ನಲ್ಲಿ ಇಡಬೇಕು. ಅದೂ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿದ ಎಕ್ಸ್‌ಚೇಂಜ್‌ನಲ್ಲಿ. 2023ರ ಮಾರ್ಚ್‌ನಿಂದ ಇವು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ನೋಂದಣಿ ಎಂದರೆ ಹಣಕ್ಕೆ ಖಾತರಿ ಎಂದಲ್ಲ, ಕೇಳಲು ಒಂದು ವಿಳಾಸವಾದರೂ ಇರುತ್ತದೆ. ವರ್ಷಗಟ್ಟಲೆ ಇಟ್ಟುಕೊಳ್ಳುವುದಾದರೆ ಸ್ವಂತ ಹಾರ್ಡ್‌ವೇರ್ ವ್ಯಾಲೆಟ್ ಒಳ್ಳೆಯದು. ಅದರ 12 ಅಥವಾ 24 ಪದಗಳ ಗುಟ್ಟಿನ ಸಾಲನ್ನು ಕಾಗದದಲ್ಲಿ ಬರೆದಿಡಿ. ಅದರ ಫೋಟೊ ತೆಗೆಯಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ಅದನ್ನು ಕೇಳುವ ಯಾವ ‘ಗ್ರಾಹಕ ಸೇವೆ’ಯೂ ನಿಜವಾದದ್ದಲ್ಲ. ಮನೆಯಲ್ಲಿ ಒಬ್ಬರಿಗಾದರೂ ಆ ಕಾಗದ ಎಲ್ಲಿದೆ ಎಂದು ತಿಳಿದಿರಲಿ. ಅದು ಕಳೆದರೆ ಯಾವ ಬ್ಯಾಂಕ್ ಮ್ಯಾನೇಜರೂ, ಯಾವ ಕೋರ್ಟೂ ಆ ನಾಣ್ಯ ತೆಗೆದುಕೊಡಲಾರದು.

ಟೆಲಿಗ್ರಾಂ ಗುಂಪುಗಳ ಬಗ್ಗೆ ಒಂದೇ ಮಾತು. ಸಣ್ಣ ನಾಣ್ಯವೊಂದನ್ನು ಮೊದಲು ತಾವು ಕೊಂಡು, ಆಮೇಲೆ ಸಾವಿರಾರು ಜನರಿಗೆ ‘ಈಗಲೇ ಕೊಳ್ಳಿ’ ಎಂದು ಕಾಲ್ ಕೊಟ್ಟು, ಅವರು ಏರಿಸಿದ ಬೆಲೆಗೆ ತಾವು ಮಾರಿ ಹೋಗುವುದು ಅಲ್ಲಿನ ಕಸುಬು. ತಡವಾಗಿ ಬಂದವರ ಹಣವೇ ಮೊದಲಿದ್ದವರ ಲಾಭ.

ನೋಟ್‌ಬುಕ್ ಒಂದನ್ನು ಇಡಿ. ಪ್ರತಿ ಖರೀದಿಗೆ ಮುಂಚೆ ಒಂದು ಸಾಲು: ತಾರೀಕು, ನಾಣ್ಯ, ಕೊಳ್ಳಲು ಕಾರಣ, ಬೆಲೆ, ಬಿಟ್ಟುಬಿಡುವ ಬೆಲೆ, ಹಾಕಿದ ಮೊತ್ತ, ಹೋದರೆ ಎಷ್ಟು ಹೋಗುತ್ತದೆ. ಮುಗಿದ ಮೇಲೆ ಇನ್ನೊಂದು: ಮಾರಿದ ಬೆಲೆ, ಶುಲ್ಕ, ಹಿಡಿದ ಟಿಡಿಎಸ್. ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಕ್ರಿಪ್ಟೊಗೆಂದೇ ಇರುವ ಪಟ್ಟಿ ತುಂಬಲು ಇದೇ ಬೇಕು. ಮಾರ್ಚ್ 31ರ ರಾತ್ರಿ ಲಾಭವೆಲ್ಲ ಒಂದು ಕಡೆ, ನಷ್ಟವೆಲ್ಲ ಇನ್ನೊಂದು ಕಡೆ ಕೂಡಿಸಿ. ಲಾಭದ ಮೊತ್ತದಿಂದ ಶೇ 31.2 ತೆರಿಗೆ ತೆಗೆಯಿರಿ. ಉಳಿದದ್ದರಿಂದ ನಷ್ಟವನ್ನೂ ಶುಲ್ಕವನ್ನೂ ಕಳೆಯಿರಿ. ಬಂದ ಅಂಕಿಯ ಪಕ್ಕದಲ್ಲಿ, ಅದೇ ಎರಡು ಲಕ್ಷ ನಿಮ್ಮ ಬ್ಯಾಂಕಿನ ಒಂದು ವರ್ಷದ ಠೇವಣಿಯಲ್ಲಿ ಇದ್ದಿದ್ದರೆ ಎಷ್ಟು ಬರುತ್ತಿತ್ತು ಎಂದು ಬರೆಯಿರಿ. ಏನೂ ಮಾಡದೆ ಬರೀ ಬಿಟ್‌ಕಾಯಿನ್ ಕೊಂಡು ಇಟ್ಟುಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂಬುದನ್ನೂ ಬರೆಯಿರಿ. ಮುಂದಿನ ವರ್ಷ ಎಷ್ಟು ಹಾಕಬೇಕು, ಅಥವಾ ಹಾಕಲೇಬೇಕೇ ಎಂಬುದನ್ನು ಆ ಮೂರು ಅಂಕಿಗಳನ್ನು ಎದುರಿಗಿಟ್ಟುಕೊಂಡು, ಮನೆಯವರ ಜೊತೆ ಕೂತು ತೀರ್ಮಾನಿಸಿ.